ಕೆಂಪು ಬ್ಯಾಟರಿ ಲೈಟ್ ಮತ್ತು ಕೆಟರಿಂಗ್

ಕಳೆದ ಸೆಮಿಸ್ಟರ್ ರಜೆಗೆ ನಾವು ನಾಲ್ಕು ಜನ ಗೆಳೆಯನ ಹಳೇ ಕಾರಿನಲ್ಲಿ ಊರಿಗೆ ಹೊರಟಿದ್ವಿ. ಅರ್ಧ ದಾರಿಯಲ್ಲಿ ಡ್ಯಾಶ್‌ಬೋರ್ಡ್‌ನಲ್ಲಿ ಬ್ಯಾಟರಿ ಚಿತ್ರದ ಕೆಂಪು ಲೈಟ್ ಹತ್ತಿಕೊಂಡಿತು. ಬ್ಯಾಟರಿ ಹೋಯ್ತು, ಹೊಸದಕ್ಕೆ ದುಡ್ಡು ಹೊಂದಿಸಬೇಕು ಅಂತ ಜೇಬು ತಡಕಿಕೊಳ್ಳೋಕೆ ಶುರು ಮಾಡಿದ್ವಿ. ಮೂರು ಸೆಮಿಸ್ಟರ್ ಮುಗಿಸಿದ ಎಂಜಿನಿಯರ್‌ಗಳು ನಾವು!

ರಸ್ತೆ ಬದಿಯ ಮೆಕ್ಯಾನಿಕ್ ಅಣ್ಣ ಮಾತ್ರ ಬ್ಯಾಟರಿ ಬಿಚ್ಚಲೇ ಇಲ್ಲ. ಮೊದಲು ಮಲ್ಟಿಮೀಟರ್ ಹಚ್ಚಿದರು. ಎಂಜಿನ್ ಆಫ್ ಇದ್ದಾಗ 12.3 ವೋಲ್ಟ್. ಸ್ಟಾರ್ಟ್ ಮಾಡಿದ ಮೇಲೂ ಅದು ಏರಲಿಲ್ಲ. ಆಲ್ಟರ್ನೇಟರ್ ಸರಿಯಾಗಿದ್ದರೆ ಸುಮಾರು 13.8ರಿಂದ 14.5 ಬರಬೇಕಿತ್ತು. ಆ ಲೈಟ್ ಹೇಳುವುದು ಬ್ಯಾಟರಿ ಸತ್ತಿದೆ ಅಂತಲ್ಲ, ಬ್ಯಾಟರಿಗೆ ಚಾರ್ಜ್ ಬರ್ತಿಲ್ಲ ಅಂತ. ನೋಡಿದರೆ ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್ ಸಡಿಲವಾಗಿ ಜಾರುತ್ತಿತ್ತು. ಬಿಗಿ ಮಾಡಿದರು, ಮೀಟರ್ 14.1 ತೋರಿಸಿತು, ಲೈಟ್ ಆರಿತು. ಎಷ್ಟೋ ಕಾರುಗಳಲ್ಲಿ ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತದೆ, ಹಾಗಾಗಿ ಈ ಲೈಟ್ ಬಂದಾಗ ಟೆಂಪರೇಚರ್ ಮುಳ್ಳನ್ನೂ ನೋಡಿ ಅಂತ ಬುದ್ಧಿ ಹೇಳಿ ಕಳಿಸಿದರು.

ಎಂಜಿನ್ ಬ್ಯಾಟರಿಗೆ ಚಾರ್ಜ್ ಕೊಡೋದು, ಬ್ಯಾಟರಿ ಮತ್ತೆ ಎಂಜಿನ್ ಎಬ್ಬಿಸೋದು, ಈ ಚಕ್ರವನ್ನು ಕಾರಿನೊಳಗೆ ಕೂರಿಸಿದ್ದು ಯಾರು? ವಾಪಸ್ ಬಂದ ಮೇಲೆ ಹುಡುಕಿದಾಗ ಸಿಕ್ಕ ಹೆಸರು ಚಾರ್ಲ್ಸ್ ಕೆಟರಿಂಗ್.

ಕೆಟರಿಂಗ್ ಹುಟ್ಟಿದ್ದು 1876ರಲ್ಲಿ, ಅಮೆರಿಕದ ಒಹಾಯೋ ರಾಜ್ಯದ ಲೌಡನ್‌ವಿಲ್ ಹತ್ತಿರದ ಹೊಲದ ಮನೆಯಲ್ಲಿ. ಚಿಕ್ಕಂದಿನಿಂದಲೂ ಕಣ್ಣು ಬಹಳ ವೀಕ್. ಸ್ವಲ್ಪ ಕಾಲ ಮೇಷ್ಟ್ರಾಗಿದ್ದು ಆಮೇಲೆ ಒಹಾಯೋ ಸ್ಟೇಟ್ ಯೂನಿವರ್ಸಿಟಿಗೆ ಎಂಜಿನಿಯರಿಂಗ್ ಓದಲು ಸೇರಿದರು. ಓದಿ ಓದಿ ಕಣ್ಣು ಕೈಕೊಟ್ಟಿತು, ಕಾಲೇಜು ಬಿಡಬೇಕಾಯ್ತು. ಟೆಲಿಫೋನ್ ಕಂಬ ನೆಡುವ, ತಂತಿ ಎಳೆಯುವ ಕೆಲಸಕ್ಕೆ ಹೋದರು. ಮತ್ತೆ ವಾಪಸ್ ಬಂದು 1904ರಲ್ಲಿ ಎಲೆಕ್ಟ್ರಿಕಲ್ ಡಿಗ್ರಿ ಮುಗಿಸಿದಾಗ ವಯಸ್ಸು ಹತ್ತಿರ ಹತ್ತಿರ 28. ನಮ್ಮ ಗುಂಪಿನಲ್ಲಿ ಒಬ್ಬನಿಗೆ ಈ ಸಲ ಇಯರ್ ಬ್ಯಾಕ್ ಆಗಿದೆ. ಈ ಭಾಗವನ್ನು ಅವನಿಗೆ ಎರಡು ಸಲ ಓದಿ ಹೇಳಿದ್ವಿ.

ಮೊದಲ ಕೆಲಸ ಡೇಟನ್ ಊರಿನ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿ. ಅಲ್ಲಿ ಅಂಗಡಿಯ ಗಲ್ಲಾ ಯಂತ್ರಕ್ಕೆ ಮೋಟಾರ್ ಜೋಡಿಸಿದರು. ಡ್ರಾಯರ್ ತೆರೆಯೋಕೆ ಕ್ಷಣ ಮಾತ್ರ ಜೋರು ಬಲ ಸಾಕು. ಅಷ್ಟು ಹೊತ್ತಿಗೆ ಚಿಕ್ಕ ಮೋಟಾರನ್ನೂ ಓವರ್‌ಲೋಡ್ ಮಾಡಬಹುದು, ಸುಟ್ಟು ಹೋಗಲ್ಲ. ಈ ಒಂದು ಪಾಠ ಮುಂದೆ ದೊಡ್ಡ ಉಪಯೋಗಕ್ಕೆ ಬಂತು.

ಆಗ ಕಾರು ಎಬ್ಬಿಸಬೇಕಾದರೆ ಮುಂದೆ ನಿಂತು ಕಬ್ಬಿಣದ ಕ್ರ್ಯಾಂಕ್ ತಿರುಗಿಸಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಕೈ ಮುರೀತಿತ್ತು. ಕ್ಯಾಡಿಲ್ಯಾಕ್‌ನ ಮುಖ್ಯಸ್ಥ ಹೆನ್ರಿ ಲೆಲ್ಯಾಂಡ್‌ಗೆ ಇದು ತಪ್ಪಬೇಕಿತ್ತು. ಎಂಜಿನ್ ತಿರುಗಿಸಲು ಬೇಕಾದಷ್ಟು ದೊಡ್ಡ ಮೋಟಾರ್ ಕಾರಿನಲ್ಲಿ ಹಿಡಿಯಲ್ಲ ಅನ್ನೋದು ಆಗಿನ ವಾದ. ಕೆಟರಿಂಗ್ ಗಲ್ಲಾ ಯಂತ್ರದ ಲೆಕ್ಕ ಹಿಡಿದರು. ಎಡ್ವರ್ಡ್ ಡೀಡ್ಸ್ ಎಂಬ ಗೆಳೆಯನ ಮನೆಯ ಹಿಂದಿನ ಕೊಟ್ಟಿಗೆಯೇ ಲ್ಯಾಬ್. ಅಲ್ಲಿಂದಲೇ ಡೆಲ್ಕೋ ಕಂಪನಿ ಹುಟ್ಟಿತು. 1912ರ ಮಾಡೆಲ್ ಕ್ಯಾಡಿಲ್ಯಾಕ್ ಸೆಲ್ಫ್ ಸ್ಟಾರ್ಟರ್ ಜೊತೆ ಬಂತು. ಅದರ ಜಾಣತನ ಇಲ್ಲಿದೆ: ಬ್ಯಾಟರಿಯ ಕರೆಂಟಿನಿಂದ ಎಂಜಿನ್ ಎಬ್ಬಿಸಿದ ಮೋಟಾರೇ ಆಮೇಲೆ ಜನರೇಟರ್ ಆಗಿ ಬ್ಯಾಟರಿಗೆ ಚಾರ್ಜ್ ತುಂಬುತ್ತಿತ್ತು. ಹೆಡ್‌ಲೈಟ್, ಇಗ್ನಿಷನ್ ಎಲ್ಲಾ ಅದರಿಂದಲೇ. ಇವತ್ತು ಸ್ಟಾರ್ಟರ್ ಬೇರೆ, ಆಲ್ಟರ್ನೇಟರ್ ಬೇರೆ, ಆದರೆ ಚಕ್ರ ಅದೇ. ಅದು ತುಂಡಾದಾಗಲೇ ನಮ್ಮ ಕೆಂಪು ಲೈಟ್ ಉರಿಯೋದು.

ಇಲ್ಲಿಗೆ ಮುಗಿಸಿದ್ದರೆ ಕಥೆ ಚೆನ್ನಾಗಿರ್ತಿತ್ತು. ಆದರೆ ಮುಂದಿನದನ್ನೂ ಹೇಳಬೇಕು. ಜನರಲ್ ಮೋಟಾರ್ಸ್‌ನ ಸಂಶೋಧನಾ ವಿಭಾಗಕ್ಕೆ ಕೆಟರಿಂಗ್ ಮುಖ್ಯಸ್ಥರಾದರು. ಎಂಜಿನ್ ನಾಕಿಂಗ್ ತಡೆಯಲು ಅವರ ಸಹಾಯಕ ಥಾಮಸ್ ಮಿಜ್ಲಿ 1921ರಲ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿ ಗೆದ್ದರು. 1924ರಲ್ಲಿ ಅದನ್ನು ತಯಾರಿಸುತ್ತಿದ್ದ ನ್ಯೂಜೆರ್ಸಿಯ ಘಟಕದಲ್ಲಿ 5 ಕಾರ್ಮಿಕರು ವಿಷವೇರಿ ಸತ್ತರು. ಸೀಸ ವಿಷ ಅನ್ನೋದು ಆಗಲೇ ಗೊತ್ತಿದ್ದ ವಿಷಯ. ಆದರೂ ಅದನ್ನು ಮಾರುವ ಎಥಿಲ್ ಕಂಪನಿಯ ಮೊದಲ ಅಧ್ಯಕ್ಷರಾಗಿದ್ದ ಕೆಟರಿಂಗ್ ಕೈಬಿಡಲಿಲ್ಲ. ಹೊಗೆಯ ಜೊತೆ ಹೊರಬಂದ ಸೀಸ ದಶಕಗಟ್ಟಲೆ ಮಕ್ಕಳ ಮೆದುಳಿಗೆ ಹಾನಿ ಮಾಡಿತು. ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತಿದ್ದು 2000ದಲ್ಲಿ, ಜಗತ್ತಿನ ಕೊನೆಯ ಬಂಕ್‌ಗಳಲ್ಲಿ 2021ರಲ್ಲಿ.

1945ರಲ್ಲಿ ಆಲ್‌ಫ್ರೆಡ್ ಸ್ಲೋನ್ ಜೊತೆ ಅವರ ಹೆಸರಿನಲ್ಲೇ ನ್ಯೂಯಾರ್ಕ್‌ನಲ್ಲಿ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಶುರುವಾಯ್ತು. 1958ರಲ್ಲಿ ಕೆಟರಿಂಗ್ ತೀರಿಕೊಂಡರು.

ಈ ಲೇಖನ ಬರೆಯುವಾಗ ನಮ್ಮಲ್ಲೇ ಜಗಳವಾಯ್ತು. ಒಬ್ಬರಿಗೆ ಅವರು ಹೀರೋ, ಇನ್ನೊಬ್ಬರಿಗೆ ಅಲ್ಲ. ಕೊನೆಗೆ ಒಂದು ಮಾತಿಗೆ ಎಲ್ಲರೂ ಒಪ್ಪಿದ್ವಿ: ಕಾರಿನ ಲೈಟ್ ಹತ್ತಿದಾಗ ನಾವು ಗಾಡಿ ನಿಲ್ಲಿಸಿ ನೋಡಿದ್ವಿ. 1924ರಲ್ಲೂ ಒಂದು ಕೆಂಪು ಲೈಟ್ ಹತ್ತಿತ್ತು, ಆಗ ಗಾಡಿ ನಿಲ್ಲಿಸಲಿಲ್ಲ. ನಾಳೆ ನಾವು ಕೆಲಸಕ್ಕೆ ಸೇರಿದಾಗ ಇದು ನೆನಪಿದ್ದರೆ ಸಾಕು.

ಅಂದ ಹಾಗೆ, ನಿಮ್ಮ ಕಾರಿನಲ್ಲಿ ಆ ಲೈಟ್ ಬಂದರೆ ಮೊದಲು ಬೆಲ್ಟ್ ನೋಡಿ. ಬ್ಯಾಟರಿ ದುಡ್ಡು ಉಳಿಯಬಹುದು.