ಬರವನ್ನು ಲೆಕ್ಕಕ್ಕೆ ಹಿಡಿದ ದಿವಾನರು: ಸರ್ ಕೆ. ಶೇಷಾದ್ರಿ ಅಯ್ಯರ್



ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಕೆಂಪು ಬಣ್ಣದ ದೊಡ್ಡ ಗ್ರಂಥಾಲಯ ಕಟ್ಟಡವೊಂದಿದೆ. ಅದರ ಮುಂದೆ ನಿಂತಿರುವ ಪ್ರತಿಮೆಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅದು ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರದು. ಶೇಷಾದ್ರಿಪುರ ಬಡಾವಣೆಗೆ ಹೆಸರು ಬಂದದ್ದೂ ಅವರಿಂದಲೇ. ಅವರ ಬಾಳಿನ ಕಥೆಯನ್ನು ರೈತರು ತಿಳಿಯಬೇಕಾದ್ದು ಪ್ರತಿಮೆಗಾಗಿ ಅಲ್ಲ, ಅವರ ಕಾಲದಲ್ಲಿ ಕೈಗೊಂಡ ಎರಡು ಜಲಾಶಯಗಳಿಗಾಗಿ. ಬರ ಎಂಬುದು ಹೇಗೆ ಬರುತ್ತದೆ, ಹೇಗೆ ಮರಳಿ ಮರಳಿ ಬರುತ್ತದೆ ಎಂಬುದನ್ನು ಆ ಎರಡು ಜಲಾಶಯಗಳು ನೂರಕ್ಕೂ ಹೆಚ್ಚು ವರ್ಷಗಳಿಂದ ನಮಗೆ ತೋರಿಸುತ್ತ ಬಂದಿವೆ.

ಬಾಲ್ಯ ಮತ್ತು ಸೇವೆ

ಶೇಷಾದ್ರಿ ಅಯ್ಯರ್ ಅವರು 1845ರ ಜೂನ್ 1ರಂದು ಮಲಬಾರಿನ ಪಾಲಕ್ಕಾಡಿನ ಬಳಿ ಜನಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದರು. 1868ರಲ್ಲಿ ಮೈಸೂರಿಗೆ ಬಂದು ಸರ್ಕಾರಿ ಸೇವೆಗೆ ಸೇರಿದರು. ಆಗ ಸಂಸ್ಥಾನದ ಆಡಳಿತ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು.

ಅವರು ಸೇವೆಗೆ ಸೇರಿದ ಎಂಟು ವರ್ಷಕ್ಕೆ ದೊಡ್ಡ ಬರಗಾಲ ಬಂದೆರಗಿತು. 1876ರಿಂದ 1878ರವರೆಗಿನ ಆ ಕ್ಷಾಮವನ್ನು ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರ ಎಂದು ಕರೆಯುತ್ತಿದ್ದರು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ 55 ಸಾವಿರ. 1881ರ ಗಣತಿಯಲ್ಲಿ ಅದು ಸುಮಾರು 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಜನ ಮಾತ್ರವಲ್ಲ, ಎತ್ತು ದನಗಳೂ ಲೆಕ್ಕವಿಲ್ಲದಷ್ಟು ಸತ್ತವು. ಬೆಂಗಳೂರಿನ ಕೆರೆಗಳು ಬತ್ತಿದವು. 1881ರಲ್ಲಿ ರಾಜ್ಯವು ಒಡೆಯರ ಮನೆತನಕ್ಕೆ ಮರಳಿ ಬಂದಾಗ ಬರಗಾಲದ ಸಾಲದ ಹೊರೆಯೂ ಜೊತೆಗೇ ಬಂದಿತು.

ದಿವಾನ್ ರಂಗಾಚಾರ್ಲು ಅವರು 1883ರಲ್ಲಿ ತೀರಿಕೊಂಡಾಗ ಶೇಷಾದ್ರಿ ಅಯ್ಯರ್ ಅವರು ದಿವಾನರಾದರು. ಮುಂದೆ 18 ವರ್ಷ ಅದೇ ಹುದ್ದೆಯಲ್ಲಿದ್ದರು. ಕ್ಷಾಮದ ವರ್ಷಗಳಲ್ಲಿ ಧಾನ್ಯ ಬೆಂಗಳೂರಿನವರೆಗೆ ರೈಲಿನಲ್ಲಿ ಬಂದರೂ ಅಲ್ಲಿಂದ ಮುಂದೆ ಹಳ್ಳಿಗಳಿಗೆ ತಲುಪಿಸುವುದು ಬಹಳ ಕಷ್ಟವಾಗಿತ್ತು. ಎಳೆಯುವ ಎತ್ತುಗಳೇ ಸಾಯುತ್ತಿದ್ದಾಗ ಗಾಡಿಗಳು ಹೇಗೆ ಓಡಿಯಾವು? ಬೆಂಗಳೂರಿನಿಂದ ತುಮಕೂರಿನ ಮೂಲಕ ಹರಿಹರದವರೆಗಿನ ರೈಲುದಾರಿ 1889ರ ವೇಳೆಗೆ ಪೂರ್ಣವಾದದ್ದು ಇವರ ಕಾಲದಲ್ಲಿ.

ಹೆಸರಘಟ್ಟದ ಕೆರೆ

ಬೆಂಗಳೂರಿನ ಪಕ್ಕದಲ್ಲಿ ದೊಡ್ಡ ನದಿ ಇಲ್ಲ ಎಂಬುದು ನಿಮಗೆ ಗೊತ್ತಿದೆ. ಧರ್ಮಾಂಬುಧಿ, ಸಂಪಂಗಿ, ಹಲಸೂರು ಮುಂತಾದ ಕೆರೆಗಳು ಮತ್ತು ಬಾವಿಗಳೇ ಊರಿಗೆ ನೀರಿನ ಆಧಾರ. ಒಂದು ವರ್ಷ ಮಳೆ ತಪ್ಪಿದರೆ ಇವು ತಳ ಕಾಣುತ್ತಿದ್ದವು. ಆದ್ದರಿಂದ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, ಊರಿನ ವಾಯವ್ಯಕ್ಕೆ ಅರ್ಕಾವತಿ ನದಿಯ ಹೆಸರಘಟ್ಟದಲ್ಲಿ ನೀರು ತಡೆದು, ಉಗಿ ಯಂತ್ರದಿಂದ ಮೇಲೆತ್ತಿ, ಕೊಳವೆಯಲ್ಲಿ ತರುವ ಯೋಜನೆ 1894ರಲ್ಲಿ ಕೈಗೂಡಿತು. ಮಹಾರಾಜರ ಹೆಸರಿನಲ್ಲಿ ಅದನ್ನು ಚಾಮರಾಜೇಂದ್ರ ವಾಟರ್ ವರ್ಕ್ಸ್ ಎಂದು ಕರೆದರು.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಮೂರು ವರ್ಷಕ್ಕೆ ಸಾಲುವಷ್ಟು ನೀರು ನಿಲ್ಲಬೇಕೆಂಬುದು ಆ ಕೆರೆಯ ಲೆಕ್ಕ. ಒಂದು ವರ್ಷದ ಬರವನ್ನಲ್ಲ, ಸಾಲುಸಾಲು ಬರವನ್ನು ತಾಳಬೇಕೆಂಬುದೇ ಅದರ ಅರ್ಥ. ಅಂದಿನ ಬೆಂಗಳೂರಿನ ಜನಸಂಖ್ಯೆ ಎರಡು ಲಕ್ಷಕ್ಕಿಂತ ಕಡಿಮೆ. ಆ ಲೆಕ್ಕ ಅಂದಿಗೆ ಸರಿಯಾಗಿಯೇ ಇತ್ತು.

ಆದರೆ ಊರು ಬೆಳೆಯಿತು. 1920ರ ದಶಕದಲ್ಲಿ ಮಳೆ ಕೈಕೊಟ್ಟಾಗ ಹೆಸರಘಟ್ಟ ಬತ್ತಿತು. ಸರ್ ಎಂ. ವಿಶ್ವೇಶ್ವರಯ್ಯನವರ ಸಮಿತಿಯ ಸಲಹೆಯಂತೆ ಅದೇ ಅರ್ಕಾವತಿಯ ಕೆಳಭಾಗದಲ್ಲಿ, ಕುಮುದ್ವತಿ ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಇನ್ನೊಂದು ಜಲಾಶಯವಾಯಿತು. ಅದೂ ಸಾಲದೆ 1974ರಲ್ಲಿ ಕಾವೇರಿ ನೀರನ್ನು ತರಬೇಕಾಯಿತು. ಪ್ರತಿ ಸಲವೂ ಬರ ಊರನ್ನು ತಟ್ಟಿದ ಮೇಲೆ ಇನ್ನಷ್ಟು ದೂರದ ನೀರಿಗೆ ಕೈಚಾಚಿದ್ದೇ ನಗರದ ರೂಢಿ.

ಮಾರಿಕಣಿವೆ

ಎರಡನೆಯ ಜಲಾಶಯ ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ. ಕೆಲಸ 1898ರಲ್ಲಿ ಆರಂಭವಾಯಿತು. ಅದು ಮುಗಿಯುವುದನ್ನು ನೋಡುವ ಭಾಗ್ಯ ದಿವಾನರಿಗೆ ಇರಲಿಲ್ಲ. ಆರೋಗ್ಯ ಕೆಟ್ಟು 1901ರಲ್ಲಿ ಅಧಿಕಾರ ಬಿಟ್ಟ ಅವರು ಅದೇ ವರ್ಷದ ಸೆಪ್ಟೆಂಬರ್ 13ರಂದು ತೀರಿಕೊಂಡರು. ಅವರ ಕಾಲದಲ್ಲೇ ಕೈಗೊಂಡ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ. ಮಾರಿಕಣಿವೆ ಮುಗಿದದ್ದು 1907ರಲ್ಲಿ.

ಸುಮಾರು 30 ಟಿ.ಎಂ.ಸಿ. ನೀರು ಹಿಡಿಯುವ ಆ ಜಲಾಶಯ ಮೊದಲ ಬಾರಿ ಕೋಡಿ ಹರಿದದ್ದು 1933ರಲ್ಲಿ. ಎರಡನೆಯ ಸಲ 2022ರಲ್ಲಿ, ಅಂದರೆ 89 ವರ್ಷದ ಮೇಲೆ. ಮೂರನೆಯ ಸಲ 2025ರ ಜನವರಿಯಲ್ಲಿ. ಈ ಎರಡು ಸಲ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಸೇರಿತ್ತು. ಹಾಗೆಂದು ಕಟ್ಟೆ ವ್ಯರ್ಥವಾಯಿತೆಂದು ತಿಳಿಯಬೇಡಿ. ತುಂಬದ ಕಟ್ಟೆಯೂ ಹಿರಿಯೂರಿನ ತೋಟ ಗದ್ದೆಗಳನ್ನು ಸಾಕಿದೆ, ಚಿತ್ರದುರ್ಗಕ್ಕೆ ಕುಡಿಯುವ ನೀರು ಕೊಟ್ಟಿದೆ. ಬಯಲುಸೀಮೆಯಲ್ಲಿ ತುಂಬುವುದು ಅಪರೂಪ, ಕೊರತೆಯೇ ವಾಡಿಕೆ ಎಂಬುದನ್ನು ಮಾತ್ರ ಅದು ಹೇಳುತ್ತದೆ.

ಇಂದಿನ ಬರದ ಸ್ವರೂಪ

ಪೆಸಿಫಿಕ್ ಸಾಗರದ ಮೇಲ್ಪದರ ಬಿಸಿಯೇರಿದ ಅನೇಕ ವರ್ಷಗಳಲ್ಲಿ ನಮ್ಮ ಮುಂಗಾರು ಕುಂದುತ್ತದೆ. ಇದಕ್ಕೆ ಎಲ್ ನಿನೊ ಎಂದು ಹೆಸರು. 1877ರಲ್ಲಿ ಅದು ಬಹಳ ತೀವ್ರವಾಗಿತ್ತು. 2023ರಲ್ಲೂ ಅದು ಬಂದಿತು. ಈಗ ಭೂಮಿಯ ಒಟ್ಟು ಉಷ್ಣತೆಯೇ ಏರಿರುವುದರಿಂದ ಮಳೆ ಬಂದಾಗ ಒಮ್ಮೆಗೇ ಸುರಿಯುವುದು, ಬಿಟ್ಟಾಗ ದೀರ್ಘಕಾಲ ಬಿಡುವುದು ಹೆಚ್ಚುತ್ತಿದೆ. ಒಣಗುವ ವೇಗವೂ ಹೆಚ್ಚಿದೆ.

ಬೆಂಗಳೂರನ್ನೇ ನೋಡಿ. 2022ರಲ್ಲಿ ಅಲ್ಲಿ ದಾಖಲೆಯ ಮಳೆಯಾಗಿ ಬಡಾವಣೆಗಳು ಮುಳುಗಿದವು. ಬಹುಕಾಲ ಒಣಗಿದ್ದ ಹೆಸರಘಟ್ಟವೂ ತುಂಬಿತು. ಮರುವರ್ಷವೇ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. 2024ರ ಮಾರ್ಚ್ ವೇಳೆಗೆ ನಗರದ ಸಾವಿರಾರು ಕೊಳವೆ ಬಾವಿಗಳು ಬತ್ತಿ, ಸುತ್ತಲ ಹಳ್ಳಿಗಳ ನೀರು ಟ್ಯಾಂಕರುಗಳಲ್ಲಿ ನಗರಕ್ಕೆ ಹೋಯಿತು. ನಗರದ ಬರ ಹಳ್ಳಿಯ ಬೋರನ್ನೂ ಬತ್ತಿಸುತ್ತದೆ ಎಂಬುದನ್ನು ಆಗ ಕಂಡೆವು.

ಇನ್ನೊಂದು ಮಾತು. ಹೆಸರಘಟ್ಟ ಬರಿದಾದದ್ದು ಮಳೆಯ ಕೊರತೆಯೊಂದರಿಂದಲೇ ಅಲ್ಲ. ಅರ್ಕಾವತಿಯ ಜಲಾನಯನದಲ್ಲಿ ರಾಜಕಾಲುವೆಗಳು ಮುಚ್ಚಿದವು, ನೀಲಗಿರಿ ತೋಪುಗಳು ಬೆಳೆದವು, ಅಂತರ್ಜಲ ಆಳಕ್ಕಿಳಿಯಿತು. ವಾಡಿಕೆಯ ಮಳೆಯಾದರೂ ಹಳ್ಳದಲ್ಲಿ ಹರಿವಿಲ್ಲದಂತಾಯಿತು.

ನೀವು ಮಾಡಬಹುದಾದದ್ದು

ಶೇಷಾದ್ರಿ ಅಯ್ಯರ್ ಅವರ ಕಾಲದ ಲೆಕ್ಕದಲ್ಲಿ ಇಂದಿಗೂ ಉಳಿಯುವ ಅಂಶವೆಂದರೆ, ಒಳ್ಳೆಯ ಮಳೆಯ ವರ್ಷದಲ್ಲೇ ಬರದ ವರ್ಷಗಳನ್ನು ಎಣಿಸುವುದು. ಬಾಯಾರಿದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲ.

ನಿಮ್ಮ ಊರಿನ ಕೆರೆಗೆ ನೀರು ತರುವ ಕಾಲುವೆಗಳು ತೆರೆದಿವೆಯೇ ಎಂದು ಬೇಸಿಗೆಯಲ್ಲೇ ನೋಡಿ, ಹೂಳಿದ್ದರೆ ಪಂಚಾಯಿತಿಯ ಗಮನಕ್ಕೆ ತನ್ನಿ. ಜಮೀನಿನಲ್ಲಿ ಬದು ಮತ್ತು ಕೃಷಿ ಹೊಂಡ ಇರಲಿ. ಕೊಳವೆ ಬಾವಿಯ ಪಕ್ಕ ಇಂಗುಗುಂಡಿ ತೆಗೆಯಿರಿ. ವಾಚನಾಲಯದ ಗೋಡೆಯ ಮೇಲೆ ಒಂದು ಪಟ್ಟಿ ಹಾಕಿ, ಮಳೆ ಬಂದ ದಿನ ಮತ್ತು ಅಳತೆಯನ್ನು ಬರೆದಿಡಿ. ವರ್ಷದ ಒಟ್ಟು ಮಳೆಯನ್ನಷ್ಟೇ ನೋಡದೆ, ಎರಡು ಮಳೆಗಳ ನಡುವೆ ಎಷ್ಟು ದಿನ ಬಿಡುವಾಯಿತೆಂದು ಎಣಿಸಿ. ಬಿತ್ತನೆಯಾದ ಮೇಲೆ ಪೈರನ್ನು ಒಣಗಿಸುವುದು ಆ ಬಿಡುವೇ. ಹತ್ತು ವರ್ಷ ಹೀಗೆ ಬರೆದಿಟ್ಟರೆ, ಯಾವ ತಳಿಯನ್ನು ಯಾವಾಗ ಬಿತ್ತಬೇಕು, ಹೊಂಡದಲ್ಲಿ ಎಷ್ಟು ನೀರು ಉಳಿಸಿಕೊಳ್ಳಬೇಕು ಎಂಬುದಕ್ಕೆ ನಿಮ್ಮ ಊರಿನದೇ ಲೆಕ್ಕ ನಿಮ್ಮ ಕೈಗೆ ಸಿಗುತ್ತದೆ.