ಹೈನ್ರಿಕ್ ಹರ್ಟ್ಸ್

ತಂತಿಯಿಲ್ಲದೆ ಮನೆಯೊಳಗೆಲ್ಲ ಅಂತರ್ಜಾಲವನ್ನು ಹಂಚುವ ರೌಟರ್ ಎಂಬ ಪುಟ್ಟ ಪೆಟ್ಟಿಗೆಯು ಈಗ ನಮ್ಮ ವಾಚಕರಲ್ಲಿ ಬಹುಮಂದಿಯ ಮನೆಗಳಲ್ಲಿರುವುದು. ಅದರ ವೈಫೈ ಸೆಟ್ಟಿಂಗ್ ಪುಟವನ್ನು ತೆರೆದರೆ 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್, 20 ಮೆಗಾಹರ್ಟ್ಸ್ ಎಂಬ ಮಾತುಗಳು ಕಾಣುವುವು. ಅವುಗಳಲ್ಲಿ ಅಡಗಿರುವ ಹೆಸರು ಒಬ್ಬ ಮನುಷ್ಯನದು. ಆತನ ಚರಿತ್ರೆಯನ್ನು ಬಲ್ಲವರಿಗೆ ಆ ಪುಟವು ಕಠಿನವಾಗಿ ತೋರದೆಂದು ನಂಬಿ, ಅದನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇವೆ.

ಹರ್ಟ್ಸನು 1857ನೆಯ ಇಸವಿ ಫೆಬ್ರವರಿ 22ರಂದು ಜರ್ಮನ್ ದೇಶದ ಹ್ಯಾಂಬರ್ಗ್ ನಗರದಲ್ಲಿ ಜನಿಸಿದನು. ತಂದೆಯು ವಕೀಲನು. ಬಾಲಕನು ಪುಸ್ತಕಗಳಲ್ಲಿ ಎಷ್ಟು ಆಸಕ್ತನೋ ಕೈಕೆಲಸದಲ್ಲಿಯೂ ಅಷ್ಟೇ ಆಸಕ್ತನು. ಒಂದು ಕಡೆ ಅರಬ್ಬೀ ಭಾಷೆಯನ್ನು ಕಲಿತನು, ಇನ್ನೊಂದು ಕಡೆ ಮರಗೆಲಸವನ್ನು ಅಭ್ಯಾಸಮಾಡಿದನು. ಇಂಜಿನಿಯರನಾಗಬೇಕೆಂದು ಹೊರಟವನು ಮನಸ್ಸನ್ನು ತಿರುಗಿಸಿ ಭೌತಶಾಸ್ತ್ರವನ್ನು ಹಿಡಿದನು. ಬರ್ಲಿನ್ನಿನಲ್ಲಿ ಹೆಲ್ಮ್‌ಹೋಲ್ಟ್ಸ್ ಎಂಬ ಮಹಾಪಂಡಿತನ ಶಿಷ್ಯನಾಗಿ 1880ರಲ್ಲಿ ಡಾಕ್ಟರ್ ಪದವಿಯನ್ನು ಪಡೆದನು. 1885ರಲ್ಲಿ ಕಾರ್ಲ್ಸ್‌ರೂಹೆ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದನು. ಮರುವರುಷ ಎಲಿಜಬೆತ್ ಡಾಲ್ ಎಂಬಾಕೆಯನ್ನು ವಿವಾಹವಾದನು.

ವಿದ್ಯುತ್ತಿನ ಕಂಪನವು ಬೆಳಕಿನ ವೇಗದಿಂದ ಅಲೆಗಳಾಗಿ ಹರಡಬೇಕೆಂದು ಸ್ಕಾಟ್ಲೆಂಡಿನ ಮ್ಯಾಕ್ಸ್‌ವೆಲ್ ಎಂಬ ವಿದ್ವಾಂಸನು ಗಣಿತದಿಂದ ಸಾಧಿಸಿ ಇಪ್ಪತ್ತು ವರುಷಗಳಾಗಿದ್ದುವು. ಆದರೆ ಪಂಡಿತರೆಲ್ಲರೂ ಒಪ್ಪುವಂತೆ ಅದನ್ನು ಪ್ರಯೋಗದಿಂದ ತೋರಿಸಿದವರಿರಲಿಲ್ಲ. 1886ರಿಂದ 1888ರ ವರೆಗೆ ಹರ್ಟ್ಸನು ಈ ಕಾರ್ಯದಲ್ಲಿ ಮಗ್ನನಾದನು. ಎರಡು ಲೋಹದ ಕಂಬಿಗಳ ನಡುವೆ ಸ್ವಲ್ಪ ಎಡೆಬಿಟ್ಟು ಅಲ್ಲಿ ವಿದ್ಯುತ್ಕಿಡಿಯನ್ನು ಹಾರಿಸಿದನು. ದೂರದಲ್ಲಿ ಹಿಡಿದ ತಂತಿಯ ಬಳೆಯ ಕಿರುಸಂದಿನಲ್ಲಿಯೂ, ಯಾವ ಸಂಬಂಧವೂ ಇಲ್ಲದೆ, ಒಂದು ಸಣ್ಣ ಕಿಡಿಯು ಹೊಳೆಯಿತು. ಕತ್ತಲೆಯ ಕೋಣೆಯಲ್ಲಿ ಆ ಕಿಡಿಯನ್ನು ಕಣ್ಣಾರೆ ಹುಡುಕುವುದೇ ಆತನ ತಪಸ್ಸಾಯಿತು.

ಆತನು ಕಂಡುಕೊಂಡ ಸಂಗತಿಗಳನ್ನು ನಮ್ಮ ಮನೆಗೆ ಅನ್ವಯಿಸಿ ನೋಡೋಣ. ಅಲೆಯು ಮುಚ್ಚಿದ ಮರದ ಬಾಗಿಲನ್ನು ದಾಟಿ ಪಕ್ಕದ ಕೋಣೆಗೆ ಹೋಯಿತು. ಲೋಹದ ತಗಡನ್ನು ಮಾತ್ರ ದಾಟಲಿಲ್ಲ. ಸಹಾಯಕನೊಬ್ಬನು ಅಡ್ಡ ನಡೆದರೂ ಕಿಡಿಯು ಆರಿತು. ಆದಕಾರಣ ರೌಟರನ್ನು ಕಬ್ಬಿಣದ ಬೀರುವಿನ ಹಿಂದೆ ಇಡದೆ, ಮನೆಯ ನಡುವೆ ಎತ್ತರದಲ್ಲಿ ಇಡುವುದು ಲೇಸು. ಸತುವಿನ ತಗಡಿನಿಂದ ಹಿಂದಿರುಗಿದ ಅಲೆಯು ಮುಂಬರುವ ಅಲೆಯೊಡನೆ ಸೇರಿ, ಕೆಲವೆಡೆ ಕಿಡಿಯನ್ನು ಬೆಳೆಸಿತು, ಕೆಲವೆಡೆ ಅಳಿಸಿತು. ಒಂದೇ ಕೋಣೆಯ ಒಂದು ಮೂಲೆಯಲ್ಲಿ ಸಂಕೇತವು ಸೊರಗಿ, ಎರಡು ಗೇಣು ಸರಿದೊಡನೆ ಚೇತರಿಸುವುದಕ್ಕೆ ಇದೂ ಒಂದು ಕಾರಣ. ಕಳುಹಿಸುವ ಕಂಬಿಗೆ ಹಿಡಿಯುವ ಕಂಬಿಯನ್ನು ಅಡ್ಡಲಾಗಿ ತಿರುಗಿಸಿದಾಗ ಕಿಡಿಯೇ ಇಲ್ಲವಾಯಿತು. ಅಂಟೆನಾಗಳ ದಿಕ್ಕು ಮುಖ್ಯವೆಂಬುದಕ್ಕೆ ಇದೇ ಮೂಲ.

ಹರ್ಟ್ಸನು ಒಂದು ಪ್ರಯೋಗಮಾಲೆಯಲ್ಲಿ ಬಳಸಿದ ಅಲೆಯ ಉದ್ದವು ಸುಮಾರು 66 ಸೆಂಟಿಮೀಟರು. ನಮ್ಮ 2.4 ಗಿಗಾಹರ್ಟ್ಸ್ ಎಂದರೆ ಕ್ಷಣಕ್ಕೊಂದರಂತೆ ಅಲ್ಲ, ಸೆಕೆಂಡಿಗೆ 240 ಕೋಟಿ ಕಂಪನಗಳು. ಅದರ ಅಲೆಯು ಸುಮಾರು 12.5 ಸೆಂಟಿಮೀಟರು. 5 ಗಿಗಾಹರ್ಟ್ಸಿನ ಅಲೆಯು ಸುಮಾರು 6 ಸೆಂಟಿಮೀಟರು. ಮೊದಲನೆಯದು ಗೋಡೆಗಳನ್ನು ಹೆಚ್ಚಾಗಿ ದಾಟುವುದು. ಎರಡನೆಯದು ಹತ್ತಿರದಲ್ಲಿ ಹೆಚ್ಚು ಮಾಹಿತಿಯನ್ನು ಹೊರುವುದು, ಆದರೆ ಗೋಡೆಗಳಲ್ಲಿ ಬೇಗ ಕುಗ್ಗುವುದು. 2.4ರ ಪಟ್ಟಿಯಲ್ಲಿ ಚಾನೆಲುಗಳು 5 ಮೆಗಾಹರ್ಟ್ಸ್ ಅಂತರದಲ್ಲಿದ್ದರೂ ಒಂದೊಂದರ ಅಗಲವು ಸುಮಾರು 20 ಆಗಿರುವುದರಿಂದ, ಒಂದನ್ನೊಂದು ತುಳಿಯದವು 1, 6, 11 ಮಾತ್ರ. ನೆರೆಹೊರೆ ಒತ್ತಾಗಿರುವಲ್ಲಿ ಅವುಗಳಲ್ಲೊಂದನ್ನು ಆರಿಸಿ, ಅಗಲವನ್ನು 20ಕ್ಕೇ ನಿಲ್ಲಿಸುವುದು ನಮಗೂ ಹಿತ, ನೆರೆಯವರಿಗೂ ಹಿತ. ರೌಟರಿನ ಬಲವನ್ನು ಏರಿಸಿದಮಾತ್ರಕ್ಕೆ ಕೈಯಲ್ಲಿರುವ ಫೋನಿನ ಬಲವು ಏರದು. ಸಂಭಾಷಣೆಗೆ ಎರಡು ಕಡೆಯೂ ಕೇಳಿಸಬೇಕಷ್ಟೆ.

ಇಂತಹ ಉಪಯೋಗವೊಂದೂ ಹರ್ಟ್ಸನಿಗೆ ತೋರಿರಲಿಲ್ಲ. ಸತ್ಯವನ್ನು ಅರಿಯುವುದೇ ಆತನ ಗುರಿ. 1889ರಲ್ಲಿ ಬಾನ್ ನಗರಕ್ಕೆ ಪ್ರಾಧ್ಯಾಪಕನಾಗಿ ಹೋದವನು ವ್ಯಾಧಿಗ್ರಸ್ತನಾಗಿ, ಶಸ್ತ್ರಚಿಕಿತ್ಸೆಗಳಿಂದಲೂ ಗುಣಹೊಂದದೆ, 1894ನೆಯ ಜನವರಿ 1ರಂದು ತನ್ನ 36ನೆಯ ವಯಸ್ಸಿನಲ್ಲಿ ಕಾಲವಶನಾದನು. ಮಾರ್ಕೋನಿಯು ಅಟ್ಲಾಂಟಿಕ್ ಸಾಗರದಾಚೆಗೆ ಸಂಕೇತವನ್ನು ಕಳುಹಿಸಿದ್ದು 1901ರಲ್ಲಿ.

ಹರ್ಟ್ಸನು ತೀರಿಕೊಂಡಾಗ ಹಿರಿಯ ಮಗಳು ಯೊಹಾನ್ನಳಿಗೆ ಆರು ವರುಷ. ಕಿರಿಯಳಾದ ಮಥಿಲ್ಡೆಗೆ ಮೂರು ತುಂಬಿರಲಿಲ್ಲ. ತಾಯಿಯು ಇಬ್ಬರನ್ನೂ ಬೆಳೆಸಿದಳು. ಯೊಹಾನ್ನಳು ತಂದೆಯ ಪತ್ರಗಳನ್ನೂ ದಿನಚರಿಗಳನ್ನೂ ಕೂಡಿಸಿ 1927ರಲ್ಲಿ ಪ್ರಕಟಿಸಿದಳು. ಮಥಿಲ್ಡೆಯು ಜೀವಶಾಸ್ತ್ರಜ್ಞೆಯಾಗಿ, ಜೇನ್ನೊಣಗಳು ಆಕಾರಗಳನ್ನು ಹೇಗೆ ಗುರುತಿಸುವುವೆಂಬುದನ್ನು ಬರ್ಲಿನ್ನಿನಲ್ಲಿ ಶೋಧಿಸಿದಳು. ಹರ್ಟ್ಸನ ತಂದೆಯ ವಂಶವು ಮೂಲದಲ್ಲಿ ಯೆಹೂದ್ಯರದಾಗಿದ್ದ ಕಾರಣ, 1933ರಲ್ಲಿ ನಾಜಿ ಸರಕಾರವು ಬಂದಾಗ ಆಕೆಯು ಬೋಧಿಸುವ ಹಕ್ಕನ್ನು ಕಳೆದುಕೊಂಡಳು. ತಾಯಿ ಮಕ್ಕಳು ಮೂವರೂ ಸ್ವದೇಶವನ್ನು ಬಿಟ್ಟು ಇಂಗ್ಲೆಂಡನ್ನು ಸೇರಿದರು.

1960ರಲ್ಲಿ ತೂಕ ಅಳತೆಗಳ ಅಂತರರಾಷ್ಟ್ರೀಯ ಮಹಾಸಭೆಯು ಸೆಕೆಂಡಿಗೊಂದು ಕಂಪನವೆಂಬ ಮಾನಕ್ಕೆ ಹರ್ಟ್ಸ್ ಎಂಬ ಹೆಸರನ್ನು ಅಂಗೀಕರಿಸಿತು. ಒಂದು ದೇಶವು ಹೊರಗಟ್ಟಿದ ಮನೆತನದ ಹೆಸರನ್ನು ಈಗ ಎಲ್ಲ ದೇಶಗಳ ಮನೆಗಳೂ ಉಚ್ಚರಿಸುತ್ತಿವೆ. ಮುಂದೆ ಆ ಸೆಟ್ಟಿಂಗ್ ಪುಟವನ್ನು ತೆರೆದಾಗ, ಅಂಕೆಯ ಪಕ್ಕದಲ್ಲಿರುವ ಆ ಹೆಸರು ಯಾರದೆಂದು ನಮ್ಮ ವಾಚಕರು ಮಕ್ಕಳಿಗೆ ಹೇಳಬಲ್ಲರೆಂದು ಆಶಿಸುತ್ತೇವೆ.