ಪಂಡಿತಾ ರಮಾಬಾಯಿ: ಗೃಹಕೃತ್ಯದಿಂದ ಸದನದವರೆಗೆ

ಹೆಣ್ಣಿನ ಗೃಹಜೀವನವನ್ನು ಕುರಿತ ನೀತಿಬೋಧೆಗೆ ಕನ್ನಡದಲ್ಲಿ ದೀರ್ಘವಾದ ಪರಂಪರೆಯಿದೆ. ಹದಿನೇಳನೆಯ ಶತಮಾನದಲ್ಲಿ, ಶ್ರೀರಂಗಪಟ್ಟಣದಿಂದ ಆಳುತ್ತಿದ್ದ ಚಿಕ್ಕದೇವರಾಜ ಒಡೆಯರ ಆಶ್ರಯದಲ್ಲಿದ್ದ ಸಂಚಿಯ ಹೊನ್ನಮ್ಮ ‘ಹದಿಬದೆಯ ಧರ್ಮ’ದಲ್ಲಿ ಪಾತಿವ್ರತ್ಯವನ್ನು ಬೋಧಿಸುತ್ತಲೇ, ಹೆಣ್ಣೆಂಬ ಕಾರಣಕ್ಕೆ ಮಗಳನ್ನು ಹೀಗಳೆಯುವವರ ಅವಿವೇಕವನ್ನು ಪ್ರಶ್ನಿಸಿದ್ದಳು. ಎರಡು ಶತಮಾನಗಳ ತರುವಾಯ ಕರ್ನಾಟಕದ ನೆಲದಲ್ಲಿಯೇ ಹುಟ್ಟಿದ ಪಂಡಿತಾ ರಮಾಬಾಯಿ ಇದೇ ವಸ್ತುವನ್ನು ಮರಾಠಿಯಲ್ಲಿ ಕೈಗೆತ್ತಿಕೊಂಡರು. ಮನೆಯನ್ನು ತಿದ್ದುವ ಮಾತಿನಿಂದ ಆರಂಭಿಸಿದ ಅವರು ಮನೆಯೇ ಇಲ್ಲದ ಹೆಣ್ಣಿಗೆ ಮನೆ ಕಟ್ಟುವ ಕಾರ್ಯಕ್ಕೆ ಬಂದು ತಲುಪಿದರು. ಅವರ ಬದುಕಿನ ಮಹತ್ವವಿರುವುದು ಈ ಸ್ಥಿತ್ಯಂತರದಲ್ಲಿ.

ರಮಾಬಾಯಿಯವರು ಜನಿಸಿದ್ದು 1858ರ ಏಪ್ರಿಲ್ 23ರಂದು, ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸಮೀಪದ ಮಾಳದ ಚಿತ್ಪಾವನ ಮನೆತನದವರು. ನಲವತ್ತು ದಾಟಿದ್ದ ಶಾಸ್ತ್ರಿಗಳು ಒಂಬತ್ತು ವರ್ಷದ ಲಕ್ಷ್ಮೀಬಾಯಿಯನ್ನು ವರಿಸಿದ್ದು ಆ ಕಾಲದ ರೂಢಿಗೆ ಹೊರತಾಗಿರಲಿಲ್ಲ. ಆದರೆ ಆಕೆಗೆ ಸಂಸ್ಕೃತ ಕಲಿಸಿದ್ದು ರೂಢಿಯ ಉಲ್ಲಂಘನೆಯಾಗಿತ್ತು. ಸಂಪ್ರದಾಯಸ್ಥರ ವಿರೋಧ ಎದುರಾದಾಗ ಅವರು ಕಾಡಿನ ನಡುವೆ ನೆಲೆಸಿ ಪಾಠಶಾಲೆ ನಡೆಸಿದರು. ಅತಿಥಿಸತ್ಕಾರ ಸಾಲವಾಗಿ ಬೆಳೆದುದರಿಂದ ರಮಾಬಾಯಿ ಇನ್ನೂ ಹಸುಗೂಸಾಗಿದ್ದಾಗಲೇ ಕುಟುಂಬವು ಆ ನೆಲೆಯನ್ನು ತೊರೆಯಿತು. ಮುಂದೆ ಅವರದು ತೀರ್ಥಕ್ಷೇತ್ರಗಳಲ್ಲಿ ಪುರಾಣ ಹೇಳುವ ಅಲೆಮಾರಿ ಜೀವನ. ಆ ಅಲೆದಾಟದ ನಡುವೆಯೇ ತಾಯಿಯು ಮಗಳಿಗೆ ಭಾಗವತವನ್ನು ಕಂಠಪಾಠ ಮಾಡಿಸಿದಳು. 1870ರ ದಶಕದ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು.

ಅಣ್ಣ ಶ್ರೀನಿವಾಸನೊಡನೆ 1878ರಲ್ಲಿ ಕಲ್ಕತ್ತೆಯನ್ನು ತಲುಪಿದ ರಮಾಬಾಯಿಯವರ ಪಾಂಡಿತ್ಯವನ್ನು ಪರೀಕ್ಷಿಸಿದ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳಿಂದ ಗೌರವಿಸಿದರು. ಅಣ್ಣನ ಮರಣಾನಂತರ, 1880ರಲ್ಲಿ, ಶೂದ್ರ ಜಾತಿಗೆ ಸೇರಿದ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿ ಅವರನ್ನು ನೋಂದಣಿ ವಿವಾಹವಾದರು. ಮಗಳು ಮನೋರಮಾ ಹುಟ್ಟಿದ ಮರುವರ್ಷವೇ ಪತಿ ಕಾಲರಾಕ್ಕೆ ಬಲಿಯಾದರು. ರಮಾಬಾಯಿಯವರಿಗೆ ಸ್ವಂತ ಮನೆಯೆಂಬುದು ದಕ್ಕಿದ್ದು ಎರಡು ವರ್ಷಕ್ಕೂ ಕಡಿಮೆ ಅವಧಿ.

1882ರಲ್ಲಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದ ಅವರು ಅದೇ ವರ್ಷ ‘ಸ್ತ್ರೀಧರ್ಮನೀತಿ’ಯನ್ನು ಪ್ರಕಟಿಸಿದರು. ವಿದ್ಯೆ, ವಿವಾಹ, ಗೃಹಕೃತ್ಯ, ಶಿಶುಪಾಲನೆಗಳನ್ನು ಕುರಿತ ಈ ಕೃತಿಯು ಸ್ವಾವಲಂಬನೆಯನ್ನು ಹೆಣ್ಣಿನ ಏಳಿಗೆಯ ಅಡಿಗಲ್ಲೆಂದು ಭಾವಿಸುತ್ತದೆ. ಬಾಲ್ಯವಿವಾಹವನ್ನು ನಿರಾಕರಿಸಿ, ವಿವೇಕ ಬಂದ ವಯಸ್ಸಿನಲ್ಲಿ ಪರಸ್ಪರ ಒಪ್ಪಿಗೆಯಿಂದ ನಡೆಯುವ ಮದುವೆಯನ್ನು ಪ್ರತಿಪಾದಿಸುತ್ತದೆ. ಅಚ್ಚುಕಟ್ಟು, ಮಿತವ್ಯಯ, ಮಕ್ಕಳ ಆರೋಗ್ಯ ಇವೆಲ್ಲವೂ ಇಲ್ಲಿ ಕಲಿಯಬೇಕಾದ ವಿದ್ಯೆಗಳಾಗುತ್ತವೆ. ಆದರೂ ಕೃತಿಯ ಮಿತಿಯನ್ನು ಗಮನಿಸದಿರಲಾಗದು. ಹೆಣ್ಣಿನ ದುಃಸ್ಥಿತಿಗೆ ಆಕೆಯ ಅಜ್ಞಾನ ಮತ್ತು ಆಲಸ್ಯಗಳನ್ನೇ ಹೆಚ್ಚಾಗಿ ಹೊಣೆ ಮಾಡುವ ಧ್ವನಿ ಅದರಲ್ಲಿದೆ. ಮನೆಯಿದ್ದವಳನ್ನು ತಿದ್ದಬಲ್ಲ ಈ ಬೋಧೆಯು ಮನೆಯಿಂದ ಹೊರದೂಡಲ್ಪಟ್ಟ ವಿಧವೆಗೆ ಏನನ್ನೂ ನೀಡಲಾರದು. ಅದೇ ವರ್ಷ ಹಂಟರ್ ಆಯೋಗದ ಮುಂದೆ ಸಾಕ್ಷ್ಯ ನುಡಿಯುವಾಗ ಅವರು ಮಹಿಳಾ ಶಿಕ್ಷಕಿಯರು ಮತ್ತು ವೈದ್ಯೆಯರು ಬೇಕೆಂದು ಒತ್ತಾಯಿಸಿದ್ದು ಈ ಮಿತಿಯನ್ನು ದಾಟುವ ಮೊದಲ ಹೆಜ್ಜೆ.

1883ರಲ್ಲಿ ಇಂಗ್ಲೆಂಡಿಗೆ ತೆರಳಿದ ಅವರು ಅಲ್ಲಿ ಕ್ರೈಸ್ತಧರ್ಮವನ್ನು ಸ್ವೀಕರಿಸಿದರು. 1886ರಲ್ಲಿ ಅಮೆರಿಕೆಗೆ ಹೋದರು. 1887ರಲ್ಲಿ ಹೊರಬಂದ ‘ದಿ ಹೈ ಕಾಸ್ಟ್ ಹಿಂದೂ ವುಮನ್’ನಲ್ಲಿ ದೋಷಾರೋಪಣೆಯ ದಿಕ್ಕೇ ಬದಲಾಯಿತು. ಐದು ವರ್ಷಗಳ ಹಿಂದೆ ಹೆಣ್ಣನ್ನು ತಿದ್ದಹೊರಟಿದ್ದ ಲೇಖಕಿ ಈಗ ಆಕೆಯನ್ನು ಬಂಧಿಸಿದ ಶಾಸ್ತ್ರ ಹಾಗೂ ರೂಢಿಗಳನ್ನು ವಿಮರ್ಶೆಗೆ ಒಡ್ಡಿದರು. ಬಾಸ್ಟನ್ನಿನ ರಮಾಬಾಯಿ ಅಸೋಸಿಯೇಷನ್‌ನ ನೆರವಿನಿಂದ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ‘ಶಾರದಾ ಸದನ’ ಆರಂಭವಾಯಿತು. ಮರುವರ್ಷ ಅದು ಪುಣೆಗೆ ಸ್ಥಳಾಂತರಗೊಂಡಿತು. ವಿಧವೆಯರಿಗೆ ಅದು ಶಾಲೆಯೂ ಹೌದು, ಮನೆಯೂ ಹೌದು. ಹಿಂದೂ ವಿದ್ಯಾರ್ಥಿನಿಯರು ತಮ್ಮ ಊಟೋಪಚಾರದ ಕಟ್ಟಳೆಗಳನ್ನು ಉಳಿಸಿಕೊಳ್ಳಲು ಅಲ್ಲಿ ಅವಕಾಶವಿತ್ತು. ಅಲ್ಲಿ ಕಲಿತ ಬಾಲವಿಧವೆ ಗೋದೂಬಾಯಿ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ವಿವಾಹವಾದರು. ಅದೇ ವರ್ಷ ಮತಾಂತರದ ಆರೋಪದಿಂದ ವಿವಾದವೆದ್ದು, ರಾನಡೆ, ಭಂಡಾರ್ಕರ್ ಅವರಂಥ ಬೆಂಬಲಿಗರೂ ದೂರ ಸರಿದರು; ಅನೇಕ ಹುಡುಗಿಯರನ್ನು ಪೋಷಕರು ಹಿಂದಕ್ಕೆ ಕರೆದೊಯ್ದರು.

1896-97ರ ಕ್ಷಾಮವು ರಮಾಬಾಯಿಯವರ ಕಾರ್ಯಕ್ಷೇತ್ರವನ್ನು ಮೇಲುಜಾತಿಯ ವಿಧವೆಯರಿಂದಾಚೆಗೆ ವಿಸ್ತರಿಸಿತು. ಹಸಿವಿನಲ್ಲಿ ತಂದೆತಾಯಿಗಳನ್ನು ಕಳೆದುಕೊಂಡಿದ್ದ ಅವರು ಮಧ್ಯಪ್ರಾಂತ್ಯದಿಂದ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆ ಸಮೀಪದ ಕೇಡಗಾಂವದ ‘ಮುಕ್ತಿ’ ಸದನದಲ್ಲಿ 1900ರ ವೇಳೆಗೆ ದೊಡ್ಡ ಸಂಖ್ಯೆಯ ಮಂದಿ ಆಶ್ರಯ ಪಡೆದಿದ್ದರು. ನೇಯ್ಗೆ, ಮುದ್ರಣ, ಹೈನುಗಾರಿಕೆಗಳನ್ನು ಮಹಿಳೆಯರೇ ಕಲಿತು ನಡೆಸಿದರು. ‘ಸ್ತ್ರೀಧರ್ಮನೀತಿ’ಯಲ್ಲಿ ಉಪದೇಶವಾಗಿದ್ದ ಸ್ವಾವಲಂಬನೆ ಇಲ್ಲಿ ದುಡಿಮೆಯಾಯಿತು. ಮನೋರಮಾ ಅವರು ಗುಲ್ಬರ್ಗದಲ್ಲಿ ಶಾಲೆ ತೆರೆದುದರಿಂದ ಈ ಕಾರ್ಯದ ಒಂದು ಕವಲು ಕನ್ನಡ ನಾಡಿಗೂ ಮರಳಿತು. ಮಗಳು 1921ರಲ್ಲಿ ತೀರಿಕೊಂಡರು. ಮರುವರ್ಷ ಏಪ್ರಿಲ್ 5ರಂದು ತಾಯಿಯೂ ನಿಧನರಾದರು.

ಮತಾಂತರದ ಕಾರಣದಿಂದ ಸುಧಾರಣಾ ಚರಿತ್ರೆಯು ರಮಾಬಾಯಿಯವರನ್ನು ಬಹುಕಾಲ ಅಂಚಿನಲ್ಲಿರಿಸಿತು. ಆದರೆ ಮತದ ಚೌಕಟ್ಟಿನಲ್ಲಷ್ಟೇ ನೋಡಿದರೆ ಅವರ ಚಿಂತನೆಯ ತಿರುಳು ಕೈತಪ್ಪುತ್ತದೆ. ಗೃಹಸುಧಾರಣೆಯೆಂದರೆ ಗೃಹಿಣಿಯ ಸುಧಾರಣೆ ಮಾತ್ರವಲ್ಲ, ಹೆಣ್ಣಿಗೆ ಯಾರ ಹಂಗೂ ಇಲ್ಲದ ನೆಲೆಯೊಂದನ್ನು ದೊರಕಿಸುವುದು ಎಂಬ ಅರಿವಿಗೆ ಅವರನ್ನು ಕೊಂಡೊಯ್ದದ್ದು ಶಾಸ್ತ್ರಾಧ್ಯಯನವೊಂದೇ ಅಲ್ಲ. ಗಂಗಾಮೂಲದಿಂದ ಆರಂಭವಾದ ನೆಲೆಯಿಲ್ಲದ ಬದುಕು.